ಅತ್ತೆ ಮತ್ತು ಈಜಿಪ್ಟಿನ ಆ ಹೆಂಗಸು

ಉಪ್ಪಿನ ಡಬ್ಬಿಗಳ ಮುಂದೆ ನಿಂತರೆ ನನಗೆ ಈಗಲೂ ಅಂದಾಜು ತಪ್ಪುತ್ತದೆ. ಮನೆಯಲ್ಲಿ ಉಳಿದವರು ನಾವಿಬ್ಬರು, ಅದರಲ್ಲಿ ಒಬ್ಬರಿಗೆ ಬಿಪಿ. ಒಂದು ಡಬ್ಬಿ ತಂದರೆ ಮುಗಿಯುವುದೇ ಇಲ್ಲ. ಆದರೂ ಕೈ ತಾನಾಗಿ ಇನ್ನೊಂದಕ್ಕೆ, ಮತ್ತೊಂದಕ್ಕೆ ಹೋಗುತ್ತದೆ. ಒಂದು ಕಾಲಕ್ಕೆ ನಾನು ಹೂಸ್ಟನ್ನಿನ ಅಂಗಡಿಯಲ್ಲಿ ಕಾರ್ಟಿನ ತುಂಬ ಉಪ್ಪು ಹೇರಿಕೊಂಡು ಬಂದವಳು. ಕೌಂಟರಿನ ಹುಡುಗಿ ಇಷ್ಟು ಉಪ್ಪು ಯಾತಕ್ಕೆ ಎಂದು ನಗುತ್ತ ಕೇಳಿದಳು. ನನ್ನ ಇಂಗ್ಲಿಷಿಗೆ ಆಗ ಇನ್ನೂ ಬಿಜಾಪುರದ ಧೂಳು ಹತ್ತಿತ್ತು. ದೊಡ್ಡ ವಾಕ್ಯ ಕಟ್ಟುವ ಧೈರ್ಯವಿಲ್ಲದೆ "ಫಾರ್ ಮಮ್ಮಿ" ಎಂದೆ. ಆಕೆ ನನ್ನ ಪಕ್ಕದಲ್ಲಿ ಇಳಕಲ್ ಸೀರೆ ಉಟ್ಟು, ಹಣೆತುಂಬ ವಿಭೂತಿ ಬಡಿದುಕೊಂಡು ನಿಂತಿದ್ದ ನಮ್ಮ ಅತ್ತೆಯನ್ನು ನೋಡಿ, "ಹಾಯ್, ಮಮ್ಮಿ!" ಎಂದು ಕೈಬೀಸಿದಳು. ಅತ್ತೆ ಎರಡೂ ಕೈ ಜೋಡಿಸಿ "ಶರಣ್ರೀ" ಎಂದರು.

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಒಂದೇ ಸಲ ಕೆಟ್ಟು ಕೂರುತ್ತವೆ ಎಂದು ಜನ ಹೆದರಿದ್ದ ವರ್ಷ ಅದು. ಆ ಹೆದರಿಕೆಯ ಮೇಲೆಯೇ ನಮ್ಮ ಮನೆಯವರ ಕೆಲಸ ನಿಂತಿತ್ತು. ನಾವು ಹೂಸ್ಟನ್ನಿನ ಅಂಚಿನ ಸೈಪ್ರೆಸ್ಸಿನಲ್ಲಿದ್ದೆವು. ನಮ್ಮ ಮನೆಗೂ ಪಕ್ಕದ ಮನೆಗೂ ಬಾಗಿಲ ಬಣ್ಣ ಬಿಟ್ಟರೆ ಬೇರೆ ವ್ಯತ್ಯಾಸವಿರಲಿಲ್ಲ. ಒಮ್ಮೆ ನಾನೇ ಪಕ್ಕದ ಮನೆಯ ಬೀಗಕ್ಕೆ ನಮ್ಮ ಕೀ ತುರುಕಿ, ತೆರೆಯುತ್ತಿಲ್ಲವೆಂದು ಇವರಿಗೆ ಆಫೀಸಿಗೆ ಫೋನ್ ಮಾಡಿದ್ದೆ. ಅಂಥ ಮನೆಗೆ ಅತ್ತೆ ಆರು ತಿಂಗಳಿಗೆಂದು ಬಂದರು. ಹೆಸರು ನೀಲವ್ವ. ನನಗೆ ಬರೀ ಗಂಡನ ತಾಯಿಯಲ್ಲ, ನಮ್ಮ ಅಪ್ಪನ ಖಾಸಾ ಅಕ್ಕ. ಸಿಂದಗಿಯಲ್ಲಿ ಅವರ ತೊಡೆಯ ಮೇಲೆಯೇ ಬೆಳೆದ ನನಗೆ, ಮದುವೆಯಾದದ್ದು ಅವರ ಮಗನನ್ನೋ ಅವರನ್ನೋ ಎಂಬ ಅನುಮಾನ ಕೆಲವೊಮ್ಮೆ ಬರುತ್ತಿತ್ತು.

ಬರುವಾಗ ಅವರ ಪೆಟ್ಟಿಗೆಯಲ್ಲಿ ಶೇಂಗಾ ಚಟ್ನಿ, ಕಡಕ್ ರೊಟ್ಟಿಗಳ ಜೊತೆ ಒಂದು ಬಿಳಿ ಬಟ್ಟೆಯ ಗಂಟು ಇತ್ತು. ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ಬಿಚ್ಚಿಸಿ, ಒಳಗಿದ್ದ ಬಿಳಿ ಗಟ್ಟಿಗಳನ್ನು ಮೂಸಿ, ಬೆರಳಿಗೆ ಹತ್ತಿದ್ದನ್ನು ದೀಪದ ಕೆಳಗೆ ಹಿಡಿದು ನೋಡಿದನಂತೆ. ವಿಭೂತಿ ಗಟ್ಟಿಗಳು. ದಿನದ ಪೂಜೆಗೆ ಇಷ್ಟೊಂದು ಯಾಕೆ ಎಂದು ನಾನು ಕೇಳಿದ್ದಕ್ಕೆ ಅತ್ತೆ, "ಪೂಜಾಕ್ಕ ಎರಡು ಸಾಕು. ಉಳಿದದ್ದು ನನ್ನ ಮಣ್ಣಿಗೆ. ಈ ಊರಾಗ ಸಿಗತೈತೋ ಇಲ್ಲೋ ಅಂತ ತಂದೀನಿ" ಎಂದರು. ತಾವು ಸತ್ತಾಗ ಬೇಕಾಗುವುದನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿ ಇಟ್ಟುಕೊಂಡು ಬಂದಿದ್ದರು. ನಾನು "ಸುಮ್ನಿರ್ರಿ ಅತ್ತಿ" ಎಂದು ಗದರಿಸಿ ಗಂಟನ್ನು ದೇವರ ಕಪಾಟಿನ ಮೇಲಿಟ್ಟೆ.

ಇನ್ನು ಉಪ್ಪಿನ ವಿಷಯ. ಮಗಳು ಸ್ಮಿತಾ ಆಗ ಆರನೆಯ ಕ್ಲಾಸು. ಶಾಲೆಯಲ್ಲಿ ಈಜಿಪ್ಟಿನ ಪಾಠ ನಡೆದಿತ್ತು. ಪ್ರತಿ ಮಗುವೂ ಮನೆಯಲ್ಲೊಂದು ಮಮ್ಮಿ ಮಾಡಿ ತರಬೇಕು ಎಂದು ಟೀಚರು ಹೇಳಿದ್ದರು. ಅಂಗಡಿಯಿಂದ ಇಡೀ ಕೋಳಿ ತಂದು, ಉಪ್ಪಿನಲ್ಲಿ ಹೂತು, ವಾರಗಟ್ಟಲೆ ಒಣಗಿಸಿ, ಬಟ್ಟೆ ಸುತ್ತುವುದು. ಮೊಟ್ಟೆಯನ್ನೂ ಒಳಗೆ ಬಿಡದ ಲಿಂಗಾಯತರ ಮನೆಯಲ್ಲಿ ಕೋಳಿ! ನಾನು ಟೀಚರಿಗೆ ಚೀಟಿ ಬರೆಯಲು ಕೂತಾಗ ಅತ್ತೆ, "ಕೋಳಿ ಯಾಕ ಬೇಕವಾ? ಬದನಿಕಾಯಿ ಸಾಲದೇನು?" ಎಂದರು. ಟೀಚರು ಒಪ್ಪಿದರು. ಹಾಗಾಗಿ ಟೆಕ್ಸಸ್ಸಿನ ಮೊಣಕೈಯುದ್ದದ ಬದನೆಕಾಯಿಯೊಂದು ನಮ್ಮ ಗ್ಯಾರೇಜಿನಲ್ಲಿ ಅಮರತ್ವಕ್ಕೆ ಸಿದ್ಧವಾಯಿತು. ಎಣ್ಣೆಗಾಯಿಗೆ ಸೀಳಿದಂತೆ ಅತ್ತೆ ಅದರ ಹೊಟ್ಟೆ ಸೀಳಿದರು. ಬೀಜ ತಿರುಳುಗಳನ್ನು ಸ್ಮಿತಾ ನಾಲ್ಕು ಗಾಜಿನ ಬಾಟಲಿಗಳಲ್ಲಿ ತುಂಬಿ, ಒಂದಕ್ಕೆ ಶ್ವಾಸಕೋಶ, ಇನ್ನೊಂದಕ್ಕೆ ಯಕೃತ್ತು ಎಂದೆಲ್ಲ ಚೀಟಿ ಹಚ್ಚಿದಳು.

ಉಪ್ಪು ಬದಲಿಸುವಾಗೆಲ್ಲ ಅಜ್ಜಿ ಮೊಮ್ಮಗಳಿಗೆ ಮಾತು. ನಮ್ಮ ಕಡೆ ಅಜ್ಜಿಯನ್ನು ಆಯಿ ಎನ್ನುತ್ತೇವೆ. ಸ್ಮಿತಾ ಲೈಬ್ರರಿಯ ಪುಸ್ತಕ ನೋಡಿಕೊಂಡು ಇಂಗ್ಲಿಷಿನಲ್ಲಿ ಹೇಳುವಳು, ನಾನು ನಡುವೆ ಕೂತು ಕನ್ನಡ ಮಾಡುವೆ, ಆಯಿಯ ಮಾತು ಅವಳಿಗೆ ಹಾಗೆಯೇ ತಿಳಿಯುತ್ತಿತ್ತು. ಮಿದುಳನ್ನು ಮೂಗಿನಿಂದ ಕೊಕ್ಕೆ ಹಾಕಿ ಎಳೆದು ಎಸೆಯುತ್ತಿದ್ದರು, ಅದು ಯಾವ ಕೆಲಸಕ್ಕೂ ಬಾರದ್ದೆಂದು ಅವರ ನಂಬಿಕೆ ಎಂದಾಗ ಅತ್ತೆ, "ಖರೇನ ಐತಿ, ನಿಮ್ಮಪ್ಪಂದೂ ತಗದು ಒಗೀಬೇಕು" ಎಂದು ನಕ್ಕರು. ಹೃದಯವನ್ನು ಮಾತ್ರ ದೇಹದಲ್ಲೇ ಬಿಡುತ್ತಿದ್ದರು. ಸತ್ತವರ ಲೋಕದಲ್ಲಿ ಅದನ್ನು ತಕ್ಕಡಿಯಲ್ಲಿಟ್ಟು, ಇನ್ನೊಂದು ತಟ್ಟೆಯಲ್ಲಿ ಸತ್ಯದ ಗರಿಯೊಂದನ್ನಿಟ್ಟು ತೂಗುತ್ತಾರೆ. ಹೃದಯ ಭಾರವಾದರೆ ಪಕ್ಕದಲ್ಲೇ ಕಾದು ಕೂತ ಮೊಸಳೆ ಮೋರೆಯ ಪ್ರಾಣಿಯೊಂದು ಅದನ್ನು ತಿಂದುಬಿಡುತ್ತದೆ. ಅಲ್ಲಿಗೆ ಆ ಮನುಷ್ಯ ಇಲ್ಲವೇ ಇಲ್ಲ.

ಅತ್ತೆ ಕೈಯಲ್ಲಿದ್ದ ಉಪ್ಪನ್ನು ಬದನೆಕಾಯಿಯ ಮೇಲೆ ಸುರಿದರು. ಆಮೇಲೆ, "ಗಂಡಸರು ಪಾಸಾದಾರು. ಮಕ್ಕಳ ಚಿಂತಿ ಹೊತ್ತ ಹೆಂಗಸಿನ ಹೃದಯ ಗರಿಗಿಂತ ಹಗರ ಎಲ್ಲಿಂದ ಇರತೈತಿ?" ಎಂದರು.

ಆ ಲೋಕದಲ್ಲೂ ಹೊಲವಿದೆ, ಉಳಬೇಕು, ನೀರು ಹಾಯಿಸಬೇಕು, ಅದಕ್ಕೇ ಆಳುಗಳ ಪುಟ್ಟ ಗೊಂಬೆಗಳನ್ನು ಗೋರಿಯಲ್ಲಿ ಇಡುತ್ತಿದ್ದರು ಎಂದಾಗ ಅವರಿಗೆ ರೇಗಿಯೇ ಹೋಯಿತು. "ಸತ್ತ ಮ್ಯಾಲೂ ಜ್ವಾಳದ ಕಣಾ ಮಾಡೂದೈತೇನು? ಹಂಗಾದ್ರ ನಾ ಒಲ್ಲೆ." ಪಿರಮಿಡ್ಡಿನ ಚಿತ್ರಗಳೂ ಅವರ ಮನಸ್ಸಿಗೆ ಬರಲಿಲ್ಲ. ಚಿಕ್ಕವರಿದ್ದಾಗ ಗೋಳಗುಮ್ಮಟ ನೋಡಿದವರು, ಅದರಂತೆ ಇದೂ ಕೂಗಿದರೆ ಓ ಅನ್ನುತ್ತದೋ ಇಲ್ಲವೋ ಎಂದು ಕೇಳಿದರು. ಅವರ ಕಣ್ಣು ನಿಂತದ್ದು ಪುಸ್ತಕದ ಮೊದಲ ಪುಟಗಳ ಒಂದು ಚಿತ್ರದ ಮೇಲೆ. ಪಿರಮಿಡ್ಡುಗಳಿಗಿಂತ ಬಹಳ ಹಿಂದಿನ ಬಡ ಈಜಿಪ್ಟಿನವರು ಸತ್ತವರನ್ನು ಮರಳಿನಲ್ಲಿ ಬರೀ ಒಂದು ಗುಂಡಿ ತೋಡಿ, ಮೊಣಕಾಲನ್ನು ಎದೆಗೆ ಮಡಚಿ ಇಡುತ್ತಿದ್ದರಂತೆ. ಪೆಟ್ಟಿಗೆಯಿಲ್ಲ, ಬಟ್ಟೆಯ ಪಟ್ಟಿಗಳಿಲ್ಲ. "ಇವ್ರು ನೋಡು ನಮ್ಮಂಥಾವ್ರು. ಮಡಚಿ ಇಟ್ಟಾರ. ಆಮ್ಯಾಲೆ ರೊಕ್ಕ ಬಂತು, ಕೆಟ್ಟರು" ಎಂದು ಅತ್ತೆ ತೀರ್ಪು ಕೊಟ್ಟರು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ ಎಂಬುದು ನಿಮಗೆ ಗೊತ್ತಿರಬಹುದು. ಮಲಗಿಸುವುದೂ ಇಲ್ಲ. ಉಸಿರು ಹೋದ ಕೂಡಲೇ, ಮೈ ಸೆಟೆಯುವ ಮೊದಲೇ, ಗೋಡೆಗೆ ಒರಗಿಸಿ ಚಕ್ಕಳಮಕ್ಕಳ ಹಾಕಿಸಿ ಕೂರಿಸುತ್ತಾರೆ. ಕೂತಲ್ಲೇ ಸ್ನಾನ, ಕೂತಲ್ಲೇ ಹೂವು. ಕೂತೇ ಗುಂಡಿಗೆ ಇಳಿಯುವುದು. ಎಡಗೈಯಲ್ಲಿ ಜೀವಮಾನವೆಲ್ಲ ಕೊರಳಲ್ಲಿ ಕಟ್ಟಿಕೊಂಡಿದ್ದ ಇಷ್ಟಲಿಂಗ, ಸುತ್ತಲೂ ವಿಭೂತಿ ಮತ್ತು ಪತ್ರಿ, ಮೇಲೆ ಮಣ್ಣು. ಪೂಜೆಗೆ ಕೂತವರು ಏಳಲಿಲ್ಲ, ಅಷ್ಟೆ. ಅವರು ಎಲ್ಲಿಗೂ ಹೋಗುವುದಿಲ್ಲ, ಲಿಂಗದಲ್ಲಿ ಬೆರೆಯುತ್ತಾರೆ.

ಬದನೆಕಾಯಿಗೆ ಒಳ್ಳೆಯ ಮಾರ್ಕು ಬಂತು. ಅದೇ ಖುಷಿಯಲ್ಲಿ ಇವರು ಒಂದು ಭಾನುವಾರ ನಮ್ಮನ್ನೆಲ್ಲ ಊರಿನ ಮ್ಯೂಸಿಯಮ್ಮಿಗೆ ಕರೆದೊಯ್ದರು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ನಿಜವಾದ ಮಮ್ಮಿಯೊಂದಿತ್ತು. ಒಬ್ಬ ಹೆಂಗಸು. ಮುಖದ ಮೇಲಿನ ಬಟ್ಟೆ ಹೋಗಿ ಕಪ್ಪು ಚರ್ಮ, ಹಲ್ಲು, ತಲೆಯ ಮೇಲೆ ಒಂದಿಷ್ಟು ಕೆಂಚು ಕೂದಲು ಕಾಣುತ್ತಿತ್ತು. ಆಕೆಯ ಆತ್ಮ ಮನುಷ್ಯನ ಮುಖದ ಹಕ್ಕಿಯಾಗಿ ಹಗಲೆಲ್ಲ ಹಾರಾಡಿ ಸಂಜೆ ದೇಹಕ್ಕೆ ಮರಳುತ್ತದೆ, ಗುರುತು ಸಿಗಲೆಂದೇ ದೇಹವನ್ನು ಹೀಗೆ ಕಾದಿಡುವುದು ಎಂದು ಸ್ಮಿತಾ ವಿವರಿಸಿದಳು. ಮಕ್ಕಳು ಗಾಜಿಗೆ ಮೂಗು ಒತ್ತಿ ನಗುತ್ತಿದ್ದರು. ಅತ್ತೆ ಚಪ್ಪಲಿ ಬಿಟ್ಟು ನಿಂತರು.

"ಎಷ್ಟು ವರ್ಷ ಆತು ಈಕಿ ಸತ್ತು?"

"ಸಾವಿರಾರು ವರ್ಷ ಆಗಿರ್ತಾವರಿ ಅತ್ತಿ."

"ಅಲ್ಲಿಂದ ಹಿಂಗ ಅಂಗಾತ ಮಲಗೇ ಅದಾಳ? ಬೆನ್ನು ನೋಯಂಗಿಲ್ಲೇನು ಪಾಪ." ಆಮೇಲೆ ಮಗನ ತೋಳು ಹಿಡಿದುಕೊಂಡರು. "ಮಾಂತೂ, ನನ್ನ ಹಿಂಗ ಮಲಗಸಬ್ಯಾಡಪಾ. ಎಲ್ಲೇ ಸಾಯಲಿ, ಕುಂಡ್ರಸ್ರಿ."

"ಅವ್ವಾ, ನೀ ಇನ್ನಾ ನೂರು ವರ್ಷ ಇರ್ತೀ" ಎಂದರು ಇವರು.

"ಅದು ಬ್ಯಾರೆ ಮಾತು. ಕುಂಡ್ರಸ್ತಿ ಹೌದಿಲ್ಲೋ?"

"ಕುಂಡ್ರಸ್ತೀನವಾ."

ಆ ಬೇಸಿಗೆಯಲ್ಲಿ, ಊರಿಗೆ ಮರಳುವ ಟಿಕೆಟ್ಟು ಹತ್ತಿರ ಬಂದಿದ್ದಾಗ, ಅತ್ತೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಎದೆ ಹಿಡಿದುಕೊಂಡು ನೆಲಕ್ಕೆ ಕುಸಿದರು. ಹೊರಗೆ ಡಾಂಬರು ಮೆತ್ತಗಾಗುವಂಥ ಮಧ್ಯಾಹ್ನ. ಆಂಬ್ಯುಲೆನ್ಸು ಬೇಗನೆ ಬಂತು, ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿದರು. ಸಂಜೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದು ಇವರ ಭುಜದ ಮೇಲೆ ಕೈಯಿಟ್ಟರು.

ಕೋಣೆಯಲ್ಲಿ ಅತ್ತೆ ಅಂಗಾತ ಮಲಗಿದ್ದರು. ಇವರು ಮಂಚದ ಕಂಬಿ ಹಿಡಿದು ನಿಂತೇ ಇದ್ದರು. ನಾನು ನರ್ಸಮ್ಮನಿಗೆ ನನಗೆ ಬಂದ ಇಂಗ್ಲಿಷಿನಲ್ಲಿ, ಕೂರಿಸಿ, ನಮ್ಮಲ್ಲಿ ಕೂರಿಸಬೇಕು ಎಂದೆ. ಎರಡು ಸಲ ಹೇಳಬೇಕಾಯಿತು. ಅರ್ಥವಾದ ಮೇಲೆ ಆಕೆ ಮಂಚದ ಗುಂಡಿ ಒತ್ತಿದಳು. ಮಂಚದ ತಲೆಯ ಭಾಗ ಮೆಲ್ಲಗೆ ಮೇಲೆದ್ದಿತು. ಅತ್ತೆಯ ತಲೆ ಒಂದು ಕಡೆ ವಾಲಿತು. ನಾನು ನನ್ನ ದುಪಟ್ಟಾದಿಂದ ಅದನ್ನು ದಿಂಬಿಗೆ ಕಟ್ಟಿದೆ. ಕಾಲು ಮಡಚಲು ಜಾಗವಿರಲಿಲ್ಲ, ಚಾಚಿಯೇ ಇದ್ದವು. ಆದರೂ ಒಂದಿಷ್ಟು ಹೊತ್ತು ಅತ್ತೆ ಕೂತಿದ್ದರು. ಆಮೇಲೆ ಇಬ್ಬರು ಗಾಲಿಮಂಚ ತಂದರು. ಅದೇ ಗುಂಡಿ ಒತ್ತಿ ಅವರನ್ನು ಮತ್ತೆ ಕೆಳಗಿಳಿಸಿ, ಬಿಳಿ ಚೀಲದಲ್ಲಿಟ್ಟು, ತಣ್ಣನೆಯ ಕೋಣೆಗೆ ಒಯ್ದರು.

ಮರುದಿನ ಅಂತ್ಯಕ್ರಿಯೆ ನಡೆಸುವವರ ಆಫೀಸಿಗೆ ಹೋದೆವು. ಸ್ಮಿತಾಳನ್ನು ಬಿಟ್ಟು ಬರಲು ಯಾರೂ ಇಲ್ಲದೆ ಜೊತೆಗೇ ಕರೆದೊಯ್ದಿದ್ದೆವು. ಅಲ್ಲಿಯ ಯಜಮಾನ ಕಪ್ಪು ಸೂಟಿನ ಎತ್ತರದ ಮನುಷ್ಯ. ಒಳ್ಳೆಯವನೇ. ಊರಿಗೆ ಕಳಿಸುವುದಾದರೆ ಎಂಬಾಮ್ ಮಾಡಲೇಬೇಕು ಎಂದ. ರಕ್ತ ತೆಗೆದು ನಾಳಗಳಿಗೆ ಔಷಧಿ ತುಂಬುವುದು. ಗಾಳಿಯಾಡದ ಪೆಟ್ಟಿಗೆ. ಎಷ್ಟು ದಿನವಾಗುತ್ತದೋ ಹೇಳಲಾಗದು. ನಾನು ಆ ಶಬ್ದವನ್ನು ಮಗಳ ಲೈಬ್ರರಿ ಪುಸ್ತಕದಲ್ಲಿ ಓದಿ ಕನ್ನಡ ಮಾಡಿ ಹೇಳಿದವಳು.

ಸ್ಮಿತಾ ಅವನನ್ನೇ ನೇರವಾಗಿ ಕೇಳಿದಳು, "ವಿಲ್ ಯೂ ಲೀವ್ ಹರ್ ಹಾರ್ಟ್ ಇನ್‌ಸೈಡ್?"

ಅವನು ಮೇಜಿನ ಮೇಲೆ ಬಾಗಿ, "ಯೆಸ್, ಹನಿ" ಎಂದ.

ಇವರು ಕೇಳಿದ್ದು ಒಂದೇ ಪ್ರಶ್ನೆ. ಊರಿಗೆ ಮುಟ್ಟಿದ ಮೇಲೆ ಅವ್ವನನ್ನು ಕೂರಿಸಲು ಬರುತ್ತದೋ? ಬರುವುದಿಲ್ಲ ಎಂದ. ಔಷಧಿ ತುಂಬಿದ ಮೇಲೆ ಮೈ ಹೇಗಿದೆಯೋ ಹಾಗೇ ಗಟ್ಟಿಯಾಗುತ್ತದೆ. ಹಾಗಾದರೆ ಔಷಧಿಯಿಲ್ಲದೆ ಇಲ್ಲೇ ಹೂಳುತ್ತೇವೆ, ಗುಂಡಿ ಆಳವಾಗಿ ತೋಡಿಸಿ ಕೂರಿಸಿ ಎಂದರು ಇವರು. ಅವನು ನಮ್ಮ ಎದುರೇ ಸ್ಮಶಾನಕ್ಕೆ ಫೋನ್ ಮಾಡಿದ. ಆಮೇಲೆ ಇನ್ನೊಂದು ಸ್ಮಶಾನಕ್ಕೆ. ಎಲ್ಲರ ಉತ್ತರವೂ ಒಂದೇ. ಪೆಟ್ಟಿಗೆ ಬೇಕು, ಪೆಟ್ಟಿಗೆಯ ಹೊರಗೆ ಕಾಂಕ್ರೀಟಿನ ಇನ್ನೊಂದು ಪೆಟ್ಟಿಗೆ ಬೇಕು, ಇಲ್ಲವಾದರೆ ಮುಂದೆ ನೆಲ ಕುಸಿದು ಹುಲ್ಲು ಕತ್ತರಿಸುವ ಯಂತ್ರ ಓಡಾಡಲಿಕ್ಕಾಗುವುದಿಲ್ಲ. ಆ ಪೆಟ್ಟಿಗೆಗಳಲ್ಲಿ ಮಲಗಲು ಮಾತ್ರ ಬರುತ್ತದೆ.

ಸಿಂದಗಿಯಿಂದ ನಾದಿನಿ ಫೋನಿನಲ್ಲಿ, "ಅಣ್ಣಾ, ಅವ್ವನ್ನ ಮಲಗಸಬ್ಯಾಡೋ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಅಳುತ್ತಿದ್ದಳು. ಮಠದ ಅಯ್ಯನವರು ಸಮಾಧಾನ ಹೇಳಿದರು, "ಲಿಂಗದಾಗ ಬೆರೆತವರಿಗೆ ಕುಂತರೇನು ಮಲಗಿದರೇನು ತಮ್ಮಾ. ದೇಹದ ಚಿಂತಿ ಬಿಡು."

"ಹಂಗಾದ್ರ ನಮ್ಮ ಮಂದೀನ್ನೆಲ್ಲಾ ಯಾಕ ಕುಂಡ್ರಸ್ತೀರಿ ಅಜ್ಜಾರ?" ಎಂದು ಇವರು ಕೇಳಿದರು. ಆ ಕಡೆ ಸದ್ದಿಲ್ಲ. ಫೋನ್ ಕಾರ್ಡಿನ ಹೊತ್ತು ಮುಗಿದಿತ್ತೋ, ಉತ್ತರ ಮುಗಿದಿತ್ತೋ.

ಸುದ್ದಿ ತಿಳಿದು ಬಂದ ಕನ್ನಡದವರೆಲ್ಲ ಒಳ್ಳೆಯವರೇ. ಬೆಂಗಳೂರು, ಮೈಸೂರಿನ ಜನ. ಅನ್ನ, ಸಾರು ಹೊತ್ತು ತಂದರು. ಎಲ್ಲರೂ ಮೆಲುದನಿಯಲ್ಲಿ ಕೇಳಿದ್ದು ಒಂದೇ, "ಕ್ರಿಮೇಷನ್ ಎಷ್ಟೊತ್ತಿಗೆ?" ಹೂಳುವ ಜನ ಎಂದು ಇದ್ದದ್ದು ನಾವು, ನಮ್ಮನ್ನು ಬಿಟ್ಟರೆ ದಸ್ತಗೀರ. ಬಿಜಾಪುರದವನು, ಹೂಸ್ಟನ್ನಿನ ಯೂನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಅತ್ತೆಯ ರೊಟ್ಟಿಗೆಂದೇ ವಾರಕ್ಕೊಮ್ಮೆ ಬರುತ್ತಿದ್ದ. ತಮ್ಮವರ ಕಬರಸ್ತಾನದಲ್ಲಿ ಪೆಟ್ಟಿಗೆ ಬೇಡ, ಬರೀ ಮಣ್ಣು ಎಂದು ಅಲ್ಲಿಯ ಹಿರಿಯರನ್ನು ಕೇಳಿ ಬಂದ. ಬೇರೆಯವರಿಗೆ ಅಲ್ಲಿ ಜಾಗ ಕೊಡಲು ಬರುವುದಿಲ್ಲ ಎಂದರಂತೆ. ಅದನ್ನು ನಮಗೆ ಹೇಳುವಾಗ ತಾನೇ ತಪ್ಪು ಮಾಡಿದವನಂತೆ ತಲೆ ತಗ್ಗಿಸಿದ್ದ. ಎಲ್ಲಿಯಾದರೂ ಮಲಗಿಸುವುದೇ ಆದರೆ ಔಷಧಿ ತುಂಬಿಸದೆ ಇಲ್ಲೇ ಹೂಳೋಣ ಎಂದರು ಇವರು.

ಹೂಳುವ ದಿನ ಮುಂಜಾನೆ ನಮಗೆ ಸ್ನಾನ ಮಾಡಿಸಲು ಬಿಟ್ಟರು. ನಾನು ನೀರು ಹಾಕಿದೆ, ಇಳಕಲ್ ಸೀರೆ ಉಡಿಸಿದೆ. ಊರಿಂದ ಬಂದ ವಿಭೂತಿ ಗಟ್ಟಿಗಳನ್ನು ಪುಡಿ ಮಾಡಿ ಮೈಗೆಲ್ಲ ಹಚ್ಚಿದೆ. ಇವರು ತಾಯಿಯ ಬೆನ್ನ ಹಿಂದೆ ಕೈ ಹಾಕಿ ಎತ್ತಿದರು. ತಣ್ಣನೆಯ ಕೋಣೆಯಲ್ಲಿದ್ದು ಸೆಟೆದ ಮೈ ಹಲಗೆಯಂತೆ ಒಟ್ಟಿಗೆ ಎದ್ದು ಬಂತೇ ಹೊರತು ಸೊಂಟ ಬಾಗಲಿಲ್ಲ. ಇನ್ನೊಮ್ಮೆ ಎತ್ತಿದರು. ಅವರ ಉಸಿರು ಏರುತ್ತಿತ್ತು. "ಬಿಡ್ರಿ, ನೋಯ್ತೈತಿ ಅವರಿಗೆ" ಎಂದೆ ನಾನು. ಸತ್ತವರಿಗೆ ಏನು ನೋವು? ಆದರೂ ಹಾಗೆಂದೆ, ಇವರು ಬಿಟ್ಟರು.

ಪೆಟ್ಟಿಗೆಗೆ ಇಳಿಸಿದ ಮೇಲೆ ಇವರು ದಿಂಬು ಕೇಳಿದರು. ಒಂದಿಟ್ಟು, ಇನ್ನೊಂದಿಟ್ಟು, ಮತ್ತೊಂದಿಟ್ಟು ತಾಯಿಯ ತಲೆ, ಬೆನ್ನು ಎತ್ತರ ಮಾಡಿದರು. ಕುರ್ಚಿಯಲ್ಲಿ ಹಿಂದಕ್ಕೊರಗಿ ಮುಚ್ಚಿದ ಕಣ್ಣಲ್ಲೇ ಮೊಮ್ಮಗಳ ಮಾತು ಕೇಳುವಾಗ ಅತ್ತೆ ಹೆಚ್ಚುಕಡಿಮೆ ಹಾಗೇ ಕಾಣುತ್ತಿದ್ದರು. ಎಡ ಅಂಗೈಯಲ್ಲಿ ಲಿಂಗವಿಟ್ಟು ಬೆರಳು ಮಡಚಿದೆವು. ಆಗ ಕಪ್ಪು ಸೂಟಿನ ಯಜಮಾನ ಮೆಲ್ಲಗೆ ಬಂದು, "ಸರ್, ಮುಚ್ಚಳ ಹಾಕಲು ಬರುವುದಿಲ್ಲ" ಎಂದ. ಇವರು ತಾವಾಗಿ ಒಂದು ದಿಂಬು ತೆಗೆದರು. ಅವನು ಮುಚ್ಚಳ ಇಳಿಸಿ ನೋಡಿ, ತಲೆಯಾಡಿಸಿದ. ಇವರು ಎರಡನೆಯದನ್ನು ತೆಗೆದರು. ಮೂರನೆಯದನ್ನು ತೆಗೆಯಲು ಅವರ ಕೈ ಬರಲಿಲ್ಲ. ಅದನ್ನು ಅವನೇ ತೆಗೆದ.

ಸ್ಮಶಾನದಲ್ಲಿ ಹಸಿರು ಡೇರೆ, ಮಡಚುವ ಕುರ್ಚಿಗಳು. ತೋಡಿದ ಮಣ್ಣು ಕಣ್ಣಿಗೆ ಬೀಳಬಾರದೆಂದು ಅದರ ಮೇಲೆ ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹೊದಿಸಿದ್ದರು. ಮಣ್ಣು ಹಾಕಬೇಕಲ್ಲ, ಎಲ್ಲಿದೆ ಎಂದು ಇವರು ಸುತ್ತ ನೋಡುತ್ತಿದ್ದಾಗ ದಸ್ತಗೀರ ಚಾಪೆಯ ಅಂಚು ಎತ್ತಿ ಹಿಡಿದ. "ಬರ್ರಿ ಅಣ್ಣಾ, ಎರಿ ಮಣ್ಣು ಐತಿ. ನಮ್ಮ ಊರಿನಂಗ." ನಿಜಕ್ಕೂ ಕಪ್ಪು, ಜಿಗುಟು ಮಣ್ಣು. ನಾವು ಮುಷ್ಟಿ ತುಂಬಿಕೊಂಡೆವು. ಆದರೆ ಅಷ್ಟರಲ್ಲಿ ಯಂತ್ರವೊಂದು ಸರಪಳಿಯಲ್ಲಿ ತೂಗಿಕೊಂಡು ಬಂದು ಕಾಂಕ್ರೀಟಿನ ಮುಚ್ಚಳವನ್ನು ಕೂರಿಸಿತು. ನಮ್ಮ ಮಣ್ಣು ಅದರ ಮೇಲೆ ಬಿತ್ತು. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ರಾಜರನ್ನು ಕಾಯುತ್ತಿದ್ದರಂತೆ ಈಜಿಪ್ಟಿನಲ್ಲಿ. ಕಾಯಬೇಡಿ, ಮಣ್ಣಿಗೆ ಕೊಡಿ ಎಂದು ಕೇಳಿದ್ದ ಹೆಂಗಸನ್ನು ನಾವು ಹಾಗೆ ಕಾದಿಟ್ಟು ಬಂದೆವು. ಮಣ್ಣು ಅವರನ್ನು ಮುಟ್ಟಲೇ ಇಲ್ಲ.

ಆಮೇಲಿನದು ಎಲ್ಲರ ಮನೆಯ ಕತೆಯಂತೆಯೇ ನಡೆಯಿತು. ಇವರ ಕೆಲಸ ಹೋಯಿತು, ಲಾಸ್ ಕೊಲಿನಾಸ್‌ನಲ್ಲಿ ಬೇರೆ ಸಿಕ್ಕಿತು, ಡಲ್ಲಾಸ್ ಕಡೆ ಶಿಫ್ಟ್ ಆದೆವು. ಕೆಲವು ವರ್ಷ ಅಪಾರ್ಟ್‌ಮೆಂಟು, ಆಮೇಲೆ ಅಲ್ಲೇ ಹತ್ತಿರದ ಪ್ರಾಸ್ಪರಿನಲ್ಲಿ ಮನೆ. ಸುಡುವ ಸ್ನೇಹಿತರು ಬೂದಿಯ ಕುಡಿಕೆಯನ್ನು ಕೈಚೀಲದಲ್ಲಿಟ್ಟುಕೊಂಡು ಊರಿಗೆ ಹೋಗಿ ಹೊಳೆಗೆ ಬಿಟ್ಟು ಹಗುರಾಗಿ ಬರುತ್ತಿದ್ದರು. ನಾವು ಅತ್ತೆಯನ್ನು ಹೂಸ್ಟನ್ನಿನಲ್ಲೇ ಬಿಟ್ಟು ಬಂದಿದ್ದೆವು. ಮೊದಮೊದಲು ಹಬ್ಬಕ್ಕೆಲ್ಲ ಹೋದೆವು. ಆಮೇಲೆ ವರ್ಷಕ್ಕೊಮ್ಮೆ. ಆಮೇಲೆ, ಮುಂದಿನ ವರ್ಷ ನೋಡೋಣ ಎಂದಾಯಿತು. ಈಜಿಪ್ಟಿನ ಹಕ್ಕಿಗೆ ಮರಳಿ ಬರಲು ಒಂದು ದೇಹವಾದರೂ ಇತ್ತು. ನಮ್ಮ ನಂಬಿಕೆಯಲ್ಲಿ ಹಕ್ಕಿಯೇ ಇಲ್ಲ. ಆದರೆ ಬೆರೆಯಬೇಕಾದವರು ಬೆರೆತರೋ ಇಲ್ಲವೋ ಎಂದು ಯಾರನ್ನು ಕೇಳುವುದು? ನನಗೆ ಪೂಜೆಗೆ ಕೂರುವುದೇ ಕಷ್ಟವಾಯಿತು. ಕೂತರೆ ಸಾಕು, ಮಲಗಿದವರ ನೆನಪು. ಈಗ ಕೂರುವುದಿಲ್ಲ.

ಹೋದ ವರ್ಷ ಸ್ಮಿತಾಳನ್ನು ಆಸ್ಟಿನ್ನಿನ ಕಾಲೇಜು ಹಾಸ್ಟೆಲ್ಲಿಗೆ ಬಿಟ್ಟು, ಹಾಗೇ ಹೂಸ್ಟನ್ನಿಗೆ ಹೋಗಿ ಬರೋಣ ಎಂದರು ಇವರು. ಆ ಸ್ಮಶಾನದಲ್ಲಿ ಕಲ್ಲು ನಿಲ್ಲಿಸುವುದಿಲ್ಲ, ನೆಲದ ಮಟ್ಟಕ್ಕೆ ಫಲಕ ಕೂರಿಸುತ್ತಾರೆ. ಉರಿಬಿಸಿಲಲ್ಲಿ ಹುಲ್ಲು ಸರಿಸುತ್ತ ಹುಡುಕಿದೆವು. ಸಾಲು ತಪ್ಪಿತು, ಮತ್ತೆ ಮೊದಲಿಂದ ನಡೆದೆವು. ಕೊನೆಗೆ ನನ್ನ ಕಾಲಿಗೆ ಸಿಕ್ಕಿತು, ನಾನು ಅದರ ಮೇಲೆಯೇ ನಿಂತಿದ್ದೆ. ಇವರು ಮಂಡಿಯೂರಿ ಅಕ್ಷರಗಳೊಳಗಿನ ಮಣ್ಣನ್ನು ಉಗುರಿನಿಂದ ಕೆರೆದರು. ಹೂವಿಟ್ಟೆವು. ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಡಲ್ಲಾಸಿನ ಹೆದ್ದಾರಿಗೆ ಬಿದ್ದ ಮೇಲೆ, ಬಹಳ ದೂರ ಬಂದ ಮೇಲೆ, ಇವರು ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದರು.

"ನಾ ಸತ್ತರ ಸುಟ್ಟುಬಿಡು."

ನಾನು ಎಸಿಯ ಗಾಳಿಯನ್ನು ಅವರ ಕಡೆ ತಿರುಗಿಸಿದೆ.

"ಬೂದಿ ಆದ್ರ ಎಲ್ಲಿಗಿ ಬೇಕಾದ್ರೂ ಒಯ್ಯಾಕ ಬರತೈತಿ. ಸ್ಮಿತಾ ನಾಳೆ ಎಲ್ಲಿರ್ತಾಳೋ."

"ನಮ್ಮ ಮಂದಿ ಸುಡೂದಿಲ್ರಿ."

"ನಮ್ಮ ಮಂದಿ ಮಲಗಸೂದೂ ಇಲ್ಲ" ಎಂದರು.

ಒಂದೆರಡು ವಾರದ ಮೇಲೆ ಸ್ಮಿತಾ ಫೋನ್ ಮಾಡಿದಾಗ, ನಮ್ಮಿಬ್ಬರನ್ನೂ ಸುಡಬೇಕು, ನೆನಪಿಟ್ಟುಕೋ ಎಂದೆ. ಆ ಕಡೆ ಹುಡುಗಿಯರ ಗದ್ದಲ, ನಗು. ಏನೆಂದು ಅವಳು ಎರಡು ಸಲ ಕೇಳಿದಳು. ನಾನು ಎರಡು ಸಲವೂ ಹೇಳಿದೆ.

"ಓಕೆ, ಮಾ" ಎಂದಳು.